ಕಡಲ ಕಾವಲಿಗೆ ಹಡಗು ಕಟ್ಟುವವರು

ಯಳಂದೂರು ತಾಲ್ಲೂಕಿನ ಹೊನ್ನೂರಿಗೆ ಕಡಲು ದೂರ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಸುತ್ತ ಬತ್ತದ ಗದ್ದೆ, ಕಬ್ಬು, ತೆಂಗು. ತಾಲ್ಲೂಕನ್ನು ಹಾಯ್ದು ಹೋಗುವ ಸುವರ್ಣಾವತಿಯನ್ನು ಜನ ಹೊನ್ನುಹೊಳೆಯೆಂದೂ ಕರೆಯುವರು. ಅದು ಕಾವೇರಿಯನ್ನು ಕೂಡಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಯನ್ನು ಸೇರುವುದು. ಈ ಸೀಮೆಗೂ ಸಮುದ್ರಕ್ಕೂ ಇರುವ ನಂಟು ಇಷ್ಟೇ ಎಂದು ಮೇಲ್ನೋಟಕ್ಕೆ ತೋರುತ್ತದೆ.

ಆದರೆ ಈಗೀಗ ಇಂಥ ಊರಿನ ಜಗಲಿಯ ಮೇಲೂ ಹಡಗಿನ ಮಾತು ಬರುವುದುಂಟು. ಹೊನ್ನೂರಿನ ಒಂದು ಮನೆಯನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಮನೆಯ ಮಗ ಐ.ಟಿ.ಐ.ಯಲ್ಲಿ ವೆಲ್ಡಿಂಗ್ ಕಲಿತು ಬಂದಿದ್ದಾನೆ. ಅವನ ಮುಂದೆ ಎರಡು ದಾರಿಗಳಿವೆ. ಕಾರವಾರದಲ್ಲಿರುವ ನೌಕಾದಳದ ಹಡಗು ದುರಸ್ತಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಲು ಅರ್ಜಿ ಹಾಕುವುದು ಒಂದು. ಚೆನ್ನೈ ನಗರದ ಉತ್ತರಕ್ಕೆ, ಕಾಟ್ಟುಪಳ್ಳಿಯಲ್ಲಿರುವ ಖಾಸಗಿ ಹಡಗುಕಟ್ಟೆಯಲ್ಲಿ ಕೆಲಸ ಹುಡುಕುವುದು ಇನ್ನೊಂದು. ನಿವೃತ್ತ ಶಾಲಾ ಉಪಾಧ್ಯಾಯರಾದ ತಾತ ಪತ್ರಿಕೆಯನ್ನು ಮಡಿಚಿಟ್ಟು ಕೇಳುತ್ತಿದ್ದಾರೆ. ಅಡಿಗೆಮನೆಯ ಬಾಗಿಲಲ್ಲಿ ತಾಯಿ ನಿಂತಿದ್ದಾಳೆ.

“ಕಾರವಾರವಾದ್ರೆ ಸರ್ಕಾರದ್ದು. ಆ ಕಡೇದು ಯಾರೋ ಕಂಪನಿಯೋರ್ದು. ನಾಳೆ ಬಾಗ್ಲು ಹಾಕ್ಬುಟ್ರೆ ಏನ್ ಮಾಡೀಯಪ್ಪ?” ಎನ್ನುತ್ತಾಳೆ ತಾಯಿ.

“ಅಲ್ಲಿ ಕಟ್ಟೋದೂ ನೇವಿ ಹಡಗೇ ಕಣವ್ವ.”

“ನೇವಿ ಹಡಗ ಕಂಪನಿಯೋರು ಕಟ್ಟೋದಾ? ಅದ್ಯಾವಾಗಿಂದ್ಲಾ?” ಎಂದು ತಾತ ಕನ್ನಡಕವನ್ನು ತೆಗೆದು ಕೇಳುತ್ತಾರೆ.

ತಾಯಿಯ ಅಂಜಿಕೆ, ತಾತನ ಪ್ರಶ್ನೆ ಎರಡೂ ಯೋಗ್ಯವಾದವು. ಆ ಮನೆಯಲ್ಲಿ ಒಬ್ಬ ಹುಡುಗನ ಜೀವನೋಪಾಯವಾಗಿ ಎದ್ದಿರುವ ಮಾತೇ ದೆಹಲಿಯಲ್ಲಿ ಸಾವಿರಾರು ಕೋಟಿ ರೂಪಾಯಿಗಳ ವಿಷಯವಾಗಿ ನಿಂತಿದೆ. ೨೦೨೪ನೆಯ ಇಸವಿ ಡಿಸೆಂಬರಿನಲ್ಲಿ ನೌಕಾದಳದ ಮುಖ್ಯಸ್ಥರಾದ ಅಡ್ಮಿರಲ್ ದಿನೇಶ್ ತ್ರಿಪಾಠಿಯವರು, ದೇಶದೊಳಗೆ ೬೨ ಹಡಗುಗಳೂ ಒಂದು ಜಲಾಂತರ್ಗಾಮಿಯೂ ನಿರ್ಮಾಣದಲ್ಲಿವೆಯೆಂದು ತಿಳಿಸಿದರು. ೨೦೩೫ರ ಹೊತ್ತಿಗೆ ದಳದಲ್ಲಿ ೧೭೫ ನೌಕೆಗಳಿರಬೇಕೆಂಬುದು ಗುರಿ. ೨೦೨೫ರ ಜುಲೈ ೧ರಂದು ರಷ್ಯದ ಕಾಲಿನಿನ್‌ಗ್ರಾಡಿನಲ್ಲಿ ದಳವನ್ನು ಸೇರಿದ ‘ತಮಾಲ್’ ನೌಕೆಯೇ ಹೊರದೇಶದಲ್ಲಿ ಕಟ್ಟಿಸಿ ತರುವ ಕಡೆಯ ಯುದ್ಧನೌಕೆಯೆಂದು ಸಾರಲಾಯಿತು. ಇನ್ನು ಮುಂದೆ ಬೇಕಾದುದನ್ನೆಲ್ಲ ಇಲ್ಲಿಯೇ ಕಟ್ಟಬೇಕು. ಕಟ್ಟುವವರು ಯಾರು? ಸರ್ಕಾರದ ಕಾರ್ಖಾನೆಗಳಿಗೆ ಮಾತ್ರವೇ ಈ ಹೊಣೆಯೊ, ಖಾಸಗಿ ಕಂಪನಿಗಳಿಗೂ ಪಾಲುಂಟೊ? ಪಾಲು ಕೊಟ್ಟರೆ ಯಾವ ಭರವಸೆಯ ಮೇಲೆ?

* * *

ಹೊನ್ನೂರಿನವರಿಗೆ ಈ ಮಾತು ತೀರ ಹೊರಗಿನದೇನೂ ಅಲ್ಲ. ‘ಮೈಸೂರು’ ಎಂಬ ಹೆಸರು ಕಡಲ ಮೇಲೆ ಹೋಗಿ ಬಹುಕಾಲವಾಯಿತು. ಇಂಗ್ಲೆಂಡಿನ ‘ನೈಜೀರಿಯಾ’ ಎಂಬ ಕ್ರೂಸರ್ ನೌಕೆಯನ್ನು ಭಾರತ ಕೊಂಡುಕೊಂಡು, ೧೯೫೭ನೆಯ ಇಸವಿ ಆಗಸ್ಟ್ ೨೯ರಂದು ಅದಕ್ಕೆ ‘ಮೈಸೂರು’ ಎಂದು ಹೆಸರಿಟ್ಟು ದಳಕ್ಕೆ ಸೇರಿಸಿಕೊಂಡಿತು. ಅರಸುಮನೆತನದ ಗಂಡಭೇರುಂಡವೇ ಅದರ ಲಾಂಛನವಾಯಿತು. ೧೯೬೧ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಸಮಯದಲ್ಲಿ, ಕಾರವಾರದ ಎದುರಿಗಿರುವ ಅಂಜದೀಪ ಎಂಬ ಪುಟ್ಟ ದ್ವೀಪವನ್ನು ಪೋರ್ತುಗೀಜರಿಂದ ಬಿಡಿಸಲು ಹೋದ ನೌಕೆಗಳು ‘ಮೈಸೂರು’ ಮತ್ತು ‘ತ್ರಿಶೂಲ್’. ಆ ದ್ವೀಪದ ಮೇಲೆ ಇಳಿದ ನಾವಿಕರಲ್ಲಿ ಏಳು ಮಂದಿ ಪ್ರಾಣ ತೆತ್ತರು. ೧೯೭೧ರ ಯುದ್ಧದಲ್ಲಿ ಪಶ್ಚಿಮದ ನೌಕಾಸಮೂಹದ ಧ್ವಜವನ್ನು ಹೊತ್ತದ್ದೂ ಅದೇ ‘ಮೈಸೂರು’. ೧೯೮೫ರಲ್ಲಿ ಅದು ಸೇವೆಯಿಂದ ಬಿಡುಗಡೆ ಹೊಂದಿತು.

ಆ ಹೆಸರನ್ನು ಹೊತ್ತ ಎರಡನೆಯ ನೌಕೆ ಹೊರಗಿನಿಂದ ಬಂದುದಲ್ಲ. ಮುಂಬಯಿಯ ಮಜಗಾಂವ್ ಡಾಕ್ ಎಂಬ ಸರ್ಕಾರದ ಕಾರ್ಖಾನೆಯಲ್ಲಿ ಅದನ್ನು ಕಟ್ಟಿ, ೧೯೯೯ರ ಜೂನ್ ೨ರಂದು ದಳಕ್ಕೆ ಒಪ್ಪಿಸಲಾಯಿತು. ಮೊದಲನೆಯ ‘ಮೈಸೂರು’ ಹೊರದೇಶದ ಹಳೆಯ ಹಡಗು. ಎರಡನೆಯದು ಇಲ್ಲಿಯೇ ಹುಟ್ಟಿದುದು. ನಾಲ್ಕು ದಶಕಗಳಲ್ಲಿ ದೇಶ ನಡೆದು ಬಂದ ದೂರವನ್ನು ಈ ಒಂದು ಹೆಸರಿನಿಂದಲೇ ಅಳೆಯಬಹುದು.

ಇದಕ್ಕೂ ಬಹು ಹಿಂದೆ ಕನ್ನಡನಾಡಿನ ಕರಾವಳಿಯಲ್ಲಿಯೇ ನೌಕಾದಳ ಕಟ್ಟುವ ಯತ್ನ ನಡೆದಿತ್ತು. ಹೈದರಾಲಿಯ ಹಡಗುಗಳನ್ನು ೧೭೮೦ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಮುಂದೆ ನಾಶಮಾಡಿದನು. ಟಿಪ್ಪುಸುಲ್ತಾನನು ೧೭೯೬ರಲ್ಲಿ ನೌಕಾಮಂಡಳಿಯೊಂದನ್ನು ನೇಮಿಸಿ, ಸುಮಾರು ೪೦ ಯುದ್ಧನೌಕೆಗಳನ್ನು ಕಟ್ಟಿಸುವ ಆಜ್ಞೆಯನ್ನು ಹೊರಡಿಸಿದನು. ಹಡಗು ಕಟ್ಟುವ ಸ್ಥಳಗಳಲ್ಲಿ ಮಂಗಳೂರು ಒಂದು. ಅಧಿಕಾರಿಗಳ ನೇಮಕ, ಸಂಬಳ, ಕೆಲಸದ ಕ್ರಮ ಎಲ್ಲವೂ ಆ ಆಜ್ಞಾಪತ್ರದಲ್ಲಿದ್ದವು. ಆದರೆ ಹಡಗು ಆಜ್ಞೆಯಿಂದ ಒಡನೆ ಹುಟ್ಟುವ ವಸ್ತುವಲ್ಲ. ಮೂರೇ ವರ್ಷಗಳಲ್ಲಿ, ೧೭೯೯ರ ಮೇ ತಿಂಗಳಿನಲ್ಲಿ, ಶ್ರೀರಂಗಪಟ್ಟಣ ಬಿದ್ದುಹೋಯಿತು. ಅರಣ್ಯದ ತೇಗ ಇತ್ತು, ಬಂದರು ಇತ್ತು, ಕುಶಲಿಗಳಾದ ಬಡಗಿಗಳೂ ಇದ್ದರು. ಕಾಲ ಮಾತ್ರ ಸಾಲದೆ ಹೋಯಿತು.

ಟಿಪ್ಪುವಿನ ಕಾಲದಲ್ಲಿ ಬೊಕ್ಕಸದ ಲೆಕ್ಕವನ್ನು ನೋಡುತ್ತಿದ್ದ ಪೂರ್ಣಯ್ಯನವರು ಆಮೇಲೆ ಮೈಸೂರಿನ ದಿವಾನರಾದುದನ್ನು ಎಲ್ಲರೂ ಬಲ್ಲರು. ಅವರಿಗೆ ೧೮೦೭ರಲ್ಲಿ ಜಹಗೀರಾಗಿ ದೊರೆತುದು ಯಳಂದೂರು. ಹೊನ್ನೂರಿನವರು ತಾಲ್ಲೂಕು ಕಚೇರಿಗೆ ಹೋದಾಗ ಕಾಲಿಡುವುದು ಆ ಹಳೆಯ ಜಹಗೀರಿನ ಊರಿಗೇ. ಕಡಲು ಕಾಣದ ನಾಡಿನ ಹಣದಿಂದಲೇ ಕಡಲ ಮೇಲಣ ಹಡಗು ಹುಟ್ಟಬೇಕೆಂಬುದು ಅಂದೂ ನಿಜ, ಇಂದೂ ನಿಜ. ಇಂದು ಆ ಹಣ ತೆರಿಗೆಯ ರೂಪದಲ್ಲಿ ಪ್ರತಿಯೊಂದು ಮನೆಯಿಂದಲೂ ಹೋಗುತ್ತಿದೆ.

* * *

ಹಡಗು ಕಟ್ಟುವ ವಿದ್ಯೆ ಮೊದಲಿಗೆ ಮನೆತನಗಳ ಕೈಯಲ್ಲಿತ್ತು. ಸೂರತ್ತಿನ ಪಾರ್ಸಿ ಬಡಗಿಯಾದ ಲವ್ಜಿ ನಸರ್‌ವಾನ್‌ಜಿ ವಾಡಿಯಾ ೧೭೩೬ರಲ್ಲಿ ಮುಂಬಯಿಗೆ ಬಂದು ಈಸ್ಟ್ ಇಂಡಿಯಾ ಕಂಪನಿಗೆ ಹಡಗು ಕಟ್ಟತೊಡಗಿದನು. ಅವನ ಮನೆತನದವರು ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಕಸುಬನ್ನು ನಡೆಸಿದರು. ಅವರು ತೇಗದಲ್ಲಿ ಕಟ್ಟಿ ೧೮೧೭ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲೀ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ಕಟ್ಟೆ ಕಂಪನಿಯದು, ಕೈಚಳಕ ವಾಡಿಯಾಗಳದು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಕೆಲಸ ತಪ್ಪದೆ ಬರುತ್ತಿದ್ದುದರಿಂದಲೇ ವಿದ್ಯೆ ಉಳಿದು ಬೆಳೆಯಿತು. ಮರದ ಹಡಗು ಹೋಗಿ ಕಬ್ಬಿಣದ ಹಡಗು, ಹಾಯಿ ಹೋಗಿ ಹಬೆ ಬಂದ ಮೇಲೆ ಆ ಕೆಲಸ ನಿಂತಿತು. ಕೆಲಸ ನಿಂತೊಡನೆ ವಿದ್ಯೆಯೂ ಚೆದರಿಹೋಯಿತು.

ಹೊಸ ಕಾಲದ ಹಡಗು ಕಾರ್ಖಾನೆಯನ್ನು ಭಾರತದಲ್ಲಿ ಮೊದಲು ಎಬ್ಬಿಸಿ ನಿಲ್ಲಿಸಲು ಹೊರಟವರೂ ಖಾಸಗಿಯವರೇ. ಸಿಂಧಿಯಾ ಹಡಗು ಕಂಪನಿಯ ವಾಲಚಂದ್ ಹೀರಾಚಂದರ ಹೆಸರು ಬೆಂಗಳೂರಿಗೆ ಹೊಸದಲ್ಲ. ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಬಂಡವಾಳವನ್ನೂ ಕೂಡಿಸಿಕೊಂಡು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದವರು ಅವರೇ. ಮರುವರ್ಷದ ಜೂನ್ ೨೧ರಂದು ಅವರ ಕಂಪನಿಯ ಹಡಗು ಕಾರ್ಖಾನೆಗೆ ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರಪ್ರಸಾದರು ಅಸ್ತಿಭಾರವನ್ನಿಟ್ಟರು. ಅಲ್ಲಿ ಕಟ್ಟಿದ ‘ಜಲಉಷಾ’ ಸರಕು ಹಡಗನ್ನು ೧೯೪೮ರ ಮಾರ್ಚ್ ೧೪ರಂದು ಪ್ರಧಾನಿ ನೆಹರೂರವರು ನೀರಿಗಿಳಿಸಿದರು.

ಆದರೆ ಎರಡು ಕಾರ್ಖಾನೆಗಳೂ ಖಾಸಗಿಯಾಗಿ ಉಳಿಯಲಿಲ್ಲ. ವಿಮಾನ ಕಾರ್ಖಾನೆ ಯುದ್ಧದ ನಡುವೆಯೇ, ೧೯೪೨ರಲ್ಲಿ, ಭಾರತ ಸರ್ಕಾರದ ಆಡಳಿತಕ್ಕೆ ಬಂದಿತು. ಹಡಗು ಕಾರ್ಖಾನೆಯ ಮೂರರಲ್ಲಿ ಎರಡು ಪಾಲನ್ನು ೧೯೫೨ರಲ್ಲಿಯೂ, ಉಳಿದುದನ್ನು ೧೯೬೧ರಲ್ಲಿಯೂ ಸರ್ಕಾರ ಕೊಂಡುಕೊಂಡಿತು. ೧೯೫೬ರ ಕೈಗಾರಿಕಾ ನೀತಿಯ ಮೊದಲನೆಯ ಪಟ್ಟಿಯಲ್ಲಿ, ಅಂದರೆ ಹೊಸ ಉದ್ಯಮವನ್ನು ಸರ್ಕಾರವೇ ಕೈಗೊಳ್ಳಬೇಕಾದ ಪಟ್ಟಿಯಲ್ಲಿ, ರಕ್ಷಣಾ ಸಾಮಗ್ರಿಯೂ ಹಡಗು ನಿರ್ಮಾಣವೂ ಸೇರಿದವು. ಮುಂಬಯಿಯ ಮಜಗಾಂವ್ ಡಾಕ್, ಕಲ್ಕತ್ತೆಯ ಗಾರ್ಡನ್ ರೀಚ್ ಇವೆರಡೂ ೧೯೬೦ರಲ್ಲಿ ಸರ್ಕಾರದ ವಶವಾದವು. ಮಜಗಾಂವ್‌ನಲ್ಲಿ ಕಟ್ಟಿದ ‘ನೀಲಗಿರಿ’ ೧೯೭೨ರ ಜೂನ್ ೩ರಂದು ದಳವನ್ನು ಸೇರಿತು. ದೇಶದೊಳಗೆ ದೊಡ್ಡ ಯುದ್ಧನೌಕೆಯನ್ನು ಕಟ್ಟಬಹುದೆಂಬ ಧೈರ್ಯ ಬಂದುದು ಅಲ್ಲಿಂದ.

ಈ ಮಾರ್ಗದಲ್ಲಿ ಲಾಭವೂ ಇತ್ತು, ಲೋಪವೂ ಇತ್ತು. ಸರ್ಕಾರವೇ ಗಿರಾಕಿ, ಸರ್ಕಾರವೇ ಅಂಗಡಿಯವನು ಎಂದಾದಾಗ, ಹಡಗು ತಡವಾದರೂ ಕೇಳುವವರಿರಲಿಲ್ಲ. ‘ಕೋಲ್ಕತಾ’ ಎಂಬ ನೌಕೆಗೆ ಅಡಿಗಟ್ಟು ಇಟ್ಟುದು ೨೦೦೩ರಲ್ಲಿ. ದಳ ಸೇರಿದುದು ೨೦೧೪ರಲ್ಲಿ. ಹನ್ನೊಂದು ವರ್ಷಗಳೆಂದರೆ ಒಂದನೆಯ ತರಗತಿಗೆ ಸೇರಿದ ಮಗು ಕಾಲೇಜಿನ ಮೆಟ್ಟಿಲು ಹತ್ತುವಷ್ಟು ಕಾಲ. ಅದೇ ಮಜಗಾಂವ್‌ನಲ್ಲಿ ೨೦೧೯ರಲ್ಲಿ ಆರಂಭವಾದ ‘ಸೂರತ್’ ೨೦೨೫ರ ಜನವರಿಯಲ್ಲಿ ದಳವನ್ನು ಸೇರಿದೆ. ಒಂದೇ ಬಗೆಯ ಹಡಗನ್ನು ಮೇಲಿಂದ ಮೇಲೆ ಕಟ್ಟಿದಾಗ ಕೈ ಹದವಾಗುತ್ತದೆ, ಕಾಲ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

* * *

೨೦೦೧ರ ಮೇ ತಿಂಗಳಿನಲ್ಲಿ ರಕ್ಷಣಾ ಉದ್ಯಮದ ಬಾಗಿಲನ್ನು ಖಾಸಗಿ ಕಂಪನಿಗಳಿಗೂ ತೆರೆಯಲಾಯಿತು. ತಾತನ ಪ್ರಶ್ನೆಗೆ ಉತ್ತರ ಇದು. ಗುಜರಾತಿನಲ್ಲಿ, ಮಹಾರಾಷ್ಟ್ರದಲ್ಲಿ, ತಮಿಳುನಾಡಿನಲ್ಲಿ ದೊಡ್ಡ ಖಾಸಗಿ ಹಡಗುಕಟ್ಟೆಗಳು ಎದ್ದವು. ಕರ್ನಾಟಕದ ಮಲ್ಪೆಯಲ್ಲಿಯೂ ಒಂದು ಖಾಸಗಿ ಹಡಗುಕಟ್ಟೆ ಇತ್ತು. ಆದರೆ ತಾಯಿಯ ಅಂಜಿಕೆಗೂ ಕಾರಣವಿಲ್ಲದೆ ಇಲ್ಲ.

೨೦೧೧ರಲ್ಲಿ ಗುಜರಾತಿನ ಪೀಪಾವಾವ್ ಹಡಗುಕಟ್ಟೆಗೆ ನೌಕಾದಳದ ಐದು ಗಸ್ತು ಹಡಗುಗಳ ಕೆಲಸ ದೊರೆಯಿತು. ೨೦೧೭ರ ಜುಲೈಯಲ್ಲಿ ಎರಡನ್ನು ನೀರಿಗಿಳಿಸಲಾಯಿತು. ನೀರಿಗಿಳಿಸುವುದೆಂದರೆ ಹಡಗು ಮುಗಿಯಿತೆಂದಲ್ಲ. ಒಡಲು ತೇಲಿತೆಂದು ಮಾತ್ರ. ಯಂತ್ರ, ತಂತಿ, ಕೊಳವೆ, ಆಯುಧ, ಆಮೇಲೆ ಕಡಲ ಪರೀಕ್ಷೆ ಇವೆಲ್ಲ ಉಳಿದಿರುತ್ತವೆ. ಅಷ್ಟರಲ್ಲಿ ಕಂಪನಿಯ ಒಡೆತನ ಕೈ ಬದಲಿಸಿತ್ತು, ಸಾಲ ಮಿತಿಮೀರಿತ್ತು. ಕಡೆಗೆ ೨೦೨೦ರಲ್ಲಿ ಆ ಕರಾರು ರದ್ದಾಯಿತು. ಒಂದು ಹಡಗೂ ದಳದ ಕೈಸೇರಲಿಲ್ಲ. ೨೦೨೩ರ ಮಾರ್ಚಿನಲ್ಲಿ ಹನ್ನೊಂದು ಹೊಸ ಗಸ್ತು ಹಡಗುಗಳಿಗೆ ಕರಾರಾದಾಗ, ಏಳು ಗೋವಾ ಶಿಪ್‌ಯಾರ್ಡಿಗೂ ನಾಲ್ಕು ಗಾರ್ಡನ್ ರೀಚ್‌ಗೂ, ಅಂದರೆ ಎಲ್ಲವೂ ಸರ್ಕಾರದ ಕಾರ್ಖಾನೆಗಳಿಗೇ ಹೋದವು.

ಮಲ್ಪೆಯ ಹಡಗುಕಟ್ಟೆಯ ಕಥೆಯೂ ಸಾಲದ್ದೇ. ಅದು ದಿವಾಳಿಯ ವಿಚಾರಣೆಗೆ ಒಳಗಾಗಿ, ೨೦೨೦ರಲ್ಲಿ ಕೇಂದ್ರ ಸರ್ಕಾರದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ವಹಿಸಿಕೊಂಡಿತು. ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂಬ ಹೊಸ ಹೆಸರಿನಲ್ಲಿ ಅದೀಗ ದೊಡ್ಡ ಹಡಗುಗಳನ್ನು ಎಳೆಯುವ ಟಗ್ಗುಗಳನ್ನು ಕಟ್ಟುತ್ತಿದೆ. ನಾರ್ವೆ ದೇಶದ ಕಂಪನಿಯೊಂದರ ಸರಕು ಹಡಗುಗಳ ಕೆಲಸವೂ ಅದಕ್ಕೆ ದೊರೆತಿದೆ. ಕಟ್ಟೆ ಅದೇ, ಕಡಲು ಅದೇ. ಬದಲಾದುದು ಒಡೆತನ ಮತ್ತು ಕೆಲಸದ ಭರವಸೆ.

ಹಾಗೆಂದು ಖಾಸಗಿಯವರಿಂದ ಈ ಕೆಲಸ ಆಗದೆನ್ನುವುದು ಅನ್ಯಾಯ. ಲಾರ್ಸೆನ್ ಅಂಡ್ ಟೂಬ್ರೊ ಕಂಪನಿಗೆ ೨೦೧೫ರಲ್ಲಿ ಕರಾವಳಿ ಕಾವಲುಪಡೆಯ ಏಳು ಗಸ್ತು ಹಡಗುಗಳ ಕೆಲಸ ಸಿಕ್ಕಿತು. ಮೊದಲನೆಯ ‘ವಿಕ್ರಮ್’ ೨೦೧೮ರಲ್ಲಿ, ಏಳನೆಯ ‘ವಿಗ್ರಹ’ ೨೦೨೧ರ ಆಗಸ್ಟಿನಲ್ಲಿ ಸೇವೆಗೆ ಸೇರಿದವು. ಕರಾರಿನ ಗಡುವಿಗೆ ಮೊದಲೇ ಹಡಗುಗಳನ್ನು ಒಪ್ಪಿಸಿದ ಕೀರ್ತಿ ಆ ಕಂಪನಿಗೆ ಬಂದಿತು. ಅದಕ್ಕೂ ಹಿಂದೆ, ದೇಶದ ಮೊದಲ ಪರಮಾಣು ಜಲಾಂತರ್ಗಾಮಿಯಾದ ‘ಅರಿಹಂತ್’ನ ಒಡಲನ್ನು ಕಟ್ಟಿದುದೂ ಅದೇ ಕಂಪನಿ.

ಒಂದು ಕಂಪನಿ ಗೆದ್ದು ಇನ್ನೊಂದು ಸೋತುದಕ್ಕೆ ಜಾಣತನವೊಂದೇ ಕಾರಣವಲ್ಲ. ಯುದ್ಧನೌಕೆಯ ವ್ಯಾಪಾರದ ಸ್ವರೂಪವೇ ವಿಚಿತ್ರವಾದುದು. ಗಿರಾಕಿ ಒಬ್ಬನೇ. ಅವನು ಐದು ವರ್ಷಕ್ಕೊಮ್ಮೆ, ಹತ್ತು ವರ್ಷಕ್ಕೊಮ್ಮೆ ಅಂಗಡಿಗೆ ಬರುತ್ತಾನೆ. ಬಂದವನು ಎಲ್ಲರ ದರವನ್ನೂ ಕೇಳಿ, ಕಡಿಮೆ ಹೇಳಿದವನಿಗೆ ಕೆಲಸ ಕೊಡುತ್ತಾನೆ. ಕೆಲಸ ಸಿಗಲೇಬೇಕೆಂದು ಕಂಪನಿ ತನ್ನ ಕೈಗೆ ಎಟುಕದ ದರವನ್ನು ಒಪ್ಪಿಕೊಂಡುಬಿಡಬಹುದು. ಕೆಲಸದ ನಡುವೆ ನಕ್ಷೆ ಬದಲಾಗುವುದುಂಟು. ಬದಲಾದಷ್ಟೂ ದಿನ ಉರುಳುತ್ತವೆ. ದಿನ ಉರುಳಿದಷ್ಟೂ ದಂಡ ಬೀಳುತ್ತದೆ. ಇತ್ತ ಬ್ಯಾಂಕಿನ ಬಡ್ಡಿ ಭಾನುವಾರವೂ ನಿಲ್ಲದೆ ಬೆಳೆಯುತ್ತಿರುತ್ತದೆ. ಸರ್ಕಾರದ ಕಾರ್ಖಾನೆಯಾದರೆ ಎರಡು ಆರ್ಡರುಗಳ ನಡುವಣ ಬರಗಾಲವನ್ನು ಹೇಗೋ ದಾಟುತ್ತದೆ. ಖಾಸಗಿ ಕಾರ್ಖಾನೆಗೆ ಬೇರೆ ವ್ಯಾಪಾರದ ಆಸರೆ ಇಲ್ಲದಿದ್ದರೆ ಅದೇ ಬರಗಾಲದಲ್ಲಿ ಬಾಗಿಲು ಬೀಳುತ್ತದೆ. ಬಾಗಿಲು ಬಿದ್ದಾಗ ಮೊದಲು ಹೊರಗೆ ನಿಲ್ಲುವವನು ಗುತ್ತಿಗೆಯ ಮೇಲೆ ಬಂದ ವೆಲ್ಡರು. ಆಮೇಲೆ ಸಾಲ ಕೊಟ್ಟ ಬ್ಯಾಂಕು. ಕೊನೆಗೆ, ಹಡಗು ಬರುವುದೆಂದು ಕಾದಿದ್ದ ನಾವಿಕ.

ಇದನ್ನು ಕಂಡುಕೊಂಡೇ ಈಚೆಗೆ ನಡುಮಾರ್ಗವೊಂದನ್ನು ಹಿಡಿದಂತೆ ತೋರುತ್ತದೆ. ಕರಾವಳಿಯ ಆಳವಿಲ್ಲದ ನೀರಿನಲ್ಲಿ ಶತ್ರುವಿನ ಜಲಾಂತರ್ಗಾಮಿಗಳನ್ನು ಹುಡುಕಿ ಹೊಡೆಯುವ ಹದಿನಾರು ಸಣ್ಣ ಯುದ್ಧನೌಕೆಗಳಿಗೆ ೨೦೧೯ರ ಏಪ್ರಿಲಿನಲ್ಲಿ ಕರಾರಾಯಿತು. ಎಂಟು ಕಲ್ಕತ್ತೆಯ ಗಾರ್ಡನ್ ರೀಚ್‌ನ ಪಾಲಿಗೆ, ಎಂಟು ಕೊಚ್ಚಿನ್ನಿನ ಪಾಲಿಗೆ. ಗಾರ್ಡನ್ ರೀಚ್ ತನ್ನ ಎಂಟರಲ್ಲಿ ನಾಲ್ಕನ್ನು ಕಾಟ್ಟುಪಳ್ಳಿಯ ಖಾಸಗಿ ಕಟ್ಟೆಯಲ್ಲಿ ಕಟ್ಟಿಸಲು ಒಪ್ಪಂದ ಮಾಡಿಕೊಂಡಿತು. ನಕ್ಷೆಯೂ ಹೊಣೆಯೂ ಸರ್ಕಾರದ ಕಾರ್ಖಾನೆಯದು. ಕಟ್ಟೆಯೂ ಕೈಗಳೂ ಖಾಸಗಿಯವರದು. ಮೊದಲನೆಯ ಹಡಗು ೨೦೨೨ರಲ್ಲಿಯೇ ಸಿಗಬೇಕಾಗಿತ್ತು. ‘ಅರ್ನಾಲಾ’ ಎಂಬ ಹೆಸರಿನಿಂದ ಅದು ದಳವನ್ನು ಸೇರಿದುದು ೨೦೨೫ರ ಜೂನ್ ೧೮ರಂದು. ನಡುವೆ ಕೋವಿಡ್ ಪಿಡುಗೂ ಬಂದು ಹೋಯಿತು. ತಡವೆಂಬ ರೋಗ ಕೂಡುಕುಟುಂಬಕ್ಕೂ ತಪ್ಪಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಹಡಗು ಬಂದಿತು. ಪೀಪಾವಾವಿನಂತೆ ಅರ್ಧದಲ್ಲಿ ಉಳಿಯಲಿಲ್ಲ.

ಈ ಹದಿನಾರರಲ್ಲಿ ಮೂರರ ಹೆಸರು ಕನ್ನಡಿಗರ ಕಿವಿಗೆ ಇಂಪಾದುವು. ಕೊಚ್ಚಿನ್ನಿನಲ್ಲಿ ೨೦೨೪ರ ಸೆಪ್ಟೆಂಬರ್ ೯ರಂದು ಒಂದೇ ದಿನ ನೀರಿಗಿಳಿದುವು ‘ಮಲ್ಪೆ’ ಮತ್ತು ‘ಮುಲ್ಕಿ’. ಅದಕ್ಕೆ ಮೊದಲೇ, ೨೦೨೩ರ ಜೂನ್ ೧೩ರಂದು, ಕಾಟ್ಟುಪಳ್ಳಿಯ ಖಾಸಗಿ ಕಟ್ಟೆಯಲ್ಲಿ ನೀರಿಗಿಳಿದುದು ‘ಅಂಜದೀಪ’. ೧೯೬೧ರಲ್ಲಿ ‘ಮೈಸೂರು’ ನೌಕೆ ಬಿಡಿಸಲು ಹೋದ ಕಾರವಾರದ ದ್ವೀಪ ಅದೇ.

* * *

ಹಡಗೆಂದರೆ ಒಡಲು ಮಾತ್ರವಲ್ಲ ಎಂಬುದನ್ನೂ ನೆನೆಯಬೇಕು. ಯುದ್ಧನೌಕೆಗೆ ಮೂರು ಗುಣಗಳು ಬೇಕೆಂದು ನೌಕಾದಳದವರು ಹೇಳುತ್ತಾರೆ: ತೇಲಬೇಕು, ಚಲಿಸಬೇಕು, ಹೋರಾಡಬೇಕು. ತೇಲುವ ಒಡಲಿನ ವಿಷಯದಲ್ಲಿ ದೇಶ ಬಹುಮಟ್ಟಿಗೆ ಸ್ವಾವಲಂಬಿಯಾಗಿದೆ. ಚಲಿಸುವ ಎಂಜಿನ್ನಿಗೂ, ಹೋರಾಡುವ ಆಯುಧಗಳಲ್ಲಿ ಹಲವಕ್ಕೂ ಇನ್ನೂ ಹೊರಗಿನವರ ಮುಖ ನೋಡಬೇಕಾಗಿದೆ. ಈ ಕೊರತೆಯನ್ನು ತುಂಬುವ ಕೆಲಸ ಕಡಲಿನಿಂದ ದೂರವಿರುವ ಬೆಂಗಳೂರಿನಲ್ಲಿಯೇ ಬಹಳ ನಡೆಯುತ್ತಿದೆ. ೧೯೫೪ರಲ್ಲಿ ಸ್ಥ���ಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ನೀರೊಳಗಿನ ಸದ್ದಿನಿಂದ ಜಲಾಂತರ್ಗಾಮಿಯನ್ನು ಗುರುತಿಸುವ ಸೋನಾರ್ ಯಂತ್ರಗಳನ್ನು ಮಾಡುತ್ತದೆ. ವಾಲಚಂದರ ವಿಮಾನ ಕಾರ್ಖಾನೆ ಇಂದಿನ ಎಚ್.ಎ.ಎಲ್. ಆಗಿ, ಹಡಗಿನ ಗ್ಯಾಸ್ ಟರ್ಬೈನುಗಳ ಜೋಡಣೆ ಮತ್ತು ದುರಸ್ತಿಯ ವಿಭಾಗವನ್ನೇ ನಡೆಸುತ್ತಿದೆ. ೨೦೨೨ರ ಸೆಪ್ಟೆಂಬರ್ ೨ರಂದು ದಳವನ್ನು ಸೇರಿದ ವಿಮಾನವಾಹಕ ‘ವಿಕ್ರಾಂತ’ಕ್ಕೆ ದೇಶದ ನೂರಕ್ಕೂ ಹೆಚ್ಚು ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳು ಬಿಡಿಭಾಗಗಳನ್ನು ಒದಗಿಸಿದುವು. ಹತ್ತು ಮಂದಿ ಕೂಲಿಕಾರರ ಶೆಡ್ಡಿನಲ್ಲಿ ತಯಾರಾದ ಒಂದು ಕವಾಟವೂ ಹಡಗಿನ ಒಡಲಲ್ಲಿ ಇರಬಹುದು. ಖಾಸಗಿ ಎಂದೊಡನೆ ದೊಡ್ಡ ಧಣಿಗಳನ್ನಷ್ಟೇ ನೆನೆಯುವುದು ಸರಿಯಲ್ಲ. ದೊಡ್ಡ ಕಾರ್ಖಾನೆಗೆ ಹಣ ಮೂರು ತಿಂಗಳು ತಡವಾದರೆ ಕಾಗದಪತ್ರ ಓಡಾಡುತ್ತದೆ. ಸಣ್ಣ ಶೆಡ್ಡಿಗೆ ತಡವಾದರೆ ಅಲ್ಲಿಯ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಗುತ್ತದೆ.

* * *

ಹಡಗು ಕಟ್ಟಿದ ಮೇಲೆ ಅದು ನಿಲ್ಲಲು ನೆಲೆ ಬೇಕು. ಈ ನೆಲೆಗಾಗಿ ಕನ್ನಡನಾಡು ತೆತ್ತ ಬೆಲೆಯನ್ನು ಕಾರವಾರದಲ್ಲಿ ಕಾಣಬಹುದು. ಮುಂಬಯಿಯ ಬಂದರು ಇಕ್ಕಟ್ಟಾಯಿತೆಂದು, ಆಗಿನ ನೌಕಾದಳದ ಮುಖ್ಯಸ್ಥ ಅಡ್ಮಿರಲ್ ಡಾಸನ್‌ರವರು ೧೯೮೦ರ ದಶಕದ ಮೊದಲಲ್ಲಿ ಕಾರವಾರದ ಯೋಜನೆಯನ್ನು ಮುಂದಿಟ್ಟರು. ೧೯೮೬ರ ಅಕ್ಟೋಬರ್ ೨೪ರಂದು ಪ್ರಧಾನಿ ರಾಜೀವ್ ಗಾಂಧಿಯವರು ಅರ್ಗಾದಲ್ಲಿ ಅಸ್ತಿಭಾರವನ್ನಿಟ್ಟರು. ‘ಸೀಬರ್ಡ್’ ಎಂಬ ಈ ಯೋಜನೆ ಹಣದ ಮುಗ್ಗಟ್ಟಿನಿಂದ ವರ್ಷಗಟ್ಟಲೆ ಕುಂಟಿತು. ‘ಕದಂಬ’ ಎಂಬ ಹೆಸರಿನ ಆ ನೆಲೆ ಉದ್ಘಾಟನೆಯಾದುದು ೨೦೦೫ರ ಮೇ ೩೧ರಂದು. ಸಮುದ್ರದಲ್ಲಿ ಕಲ್ಲಿನ ಅಡ್ಡಗಟ್ಟೆ ಹಾಕಿ ಅಂಜದೀಪವನ್ನು ನೆಲಕ್ಕೆ ಸೇರಿಸಲಾಗಿದೆ. ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಮೇಲಕ್ಕೆತ್ತುವ ಯಂತ್ರವಿದೆ. ‘ವಿಕ್ರಮಾದಿತ್ಯ’ ವಿಮಾನವಾಹಕದ ನೆಲೆಯೂ ಅದೇ. ೨೦೧೨ರಲ್ಲಿ ಒಪ್ಪಿಗೆ ಪಡೆದ ಎರಡನೆಯ ಹಂತದಲ್ಲಿ ೩೨ ಹಡಗು ಮತ್ತು ಜಲಾಂತರ್ಗಾಮಿಗಳಿಗೆ ಎಡೆ ಮಾಡುವ ಕೆಲಸ ಕೈಗೊಂಡಿದೆ.

ಅಸ್ತಿಭಾರದ ಕಲ್ಲಿಗೂ ಉದ್ಘಾಟನೆಯ ಧ್ವಜಕ್ಕೂ ನಡುವೆ ಹತ್ತೊಂಬತ್ತು ವರ್ಷಗಳು. ಆ ವರ್ಷಗಳನ್ನು ಅನಿಶ್ಚಯದಲ್ಲಿ ಕಳೆದವರು ಕಾರವಾರ ಅಂಕೋಲೆಗಳ ನಡುವಣ ಕರಾವಳಿಯ ಜನ. ಹನ್ನೊಂದು ಸಾವಿರ ಎಕರೆಗೂ ಮೀರಿದ ಭೂಮಿ ಯೋಜನೆಗೆ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆಯಿಂದ ಏಳಬೇಕಾಯಿತು. ಅವರಲ್ಲಿ ಮೀನುಗಾರರಿದ್ದರು, ಗದ್ದೆ ಉಳುವವರಿದ್ದರು, ತೆಂಗಿನ ತೋಟದವರಿದ್ದರು. ತೋಡೂರು, ಮುದಗಾ, ಹಾರವಾಡ ಮೊದಲಾದೆಡೆ ಅವರಿಗೆ ಹೊಸ ವಸತಿಗಳಾದುವು. ಆದರೆ ಮೀನುಗಾರನಿಗೆ ಮನೆಯೆಂದರೆ ಗೋಡೆ ಮಾಡು ಮಾತ್ರವಲ್ಲ. ದೋಣಿಯನ್ನು ಎಳೆದು ನಿಲ್ಲಿಸುವ ಮರಳೂ ಅವನ ಮನೆಯ ಅಂಗಳವೇ. ಪರಿಹಾರ ಸಾಲದೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಹೆಚ್ಚಿನ ಹಣ ಕೈಸೇರಲು ದಶಕಗಳೇ ಹಿಡಿದುವು. ಅರ್ಜಿ ಬರೆದ ತಂದೆ ಹೋಗಿ, ಮಗ ಕಚೇರಿಗೆ ಅಲೆದ ಮನೆಗಳೂ ಉಂಟು. ನೆಲೆಯಲ್ಲಿ ತಮ್ಮ ಮಕ್ಕಳಿಗೆ ಉದ್ಯೋಗ ಕೊಡಬೇಕೆಂಬ ಬೇಡಿಕೆ ಆ ಸೀಮೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತಲೇ ಇದೆ.

ದೇಶರಕ್ಷಣೆಗೆ ನೆಲೆ ಬೇಡವೆನ್ನುವವರು ಅವರಲ್ಲಿಯೂ ವಿರಳ. ಕೊಟ್ಟ ಮಾತನ್ನು ಹೊತ್ತಿಗೆ ಸರಿಯಾಗಿ ನಡೆಸಿಕೊಡಬೇಕೆಂಬುದಷ್ಟೇ ಅವರ ಮಾತು. ನೋಡಿದರೆ ಹಡಗುಕಟ್ಟೆಗಳ ಕಥೆಯೂ ಅದೇ ಆಗಿದೆ. ಸರ್ಕಾರ ‘ಇಂತಿಷ್ಟು ಹಡಗು ಬೇಕು’ ಎಂದು ಹೇಳಿದರೆ, ಆರ್ಡರು ಆ ಲೆಕ್ಕದಂತೆ ಬರಬೇಕು. ಹಣ ಗಡುವಿಗೆ ಸರಿಯಾಗಿ ಸಲ್ಲಬೇಕು. ನಕ್ಷೆ ನಡುವೆ ಬದಲಾದರೆ ಅದರ ಭಾರವನ್ನು ಬದಲಿಸಿದವರು ಹೊರಬೇಕು. ಕಂಪನಿ ‘ಇಂಥ ದಿನ ಹಡಗು ಕೊಡುತ್ತೇನೆ’ ಎಂದರೆ, ಹಡಗಿಗಾಗಿ ಪಡೆದ ಹಣ ಹಡಗಿಗೇ ಸಲ್ಲಬೇಕು. ಒಡಲೊಳಗಿನ ಬೆಸುಗೆ ನಿಜವಾದ ಬೆಸುಗೆಯಾಗಿರಬೇಕು. ದುಡಿದವನ ಕೂಲಿ ಬಾಕಿ ನಿಲ್ಲಬಾರದು. ಇವೆರಡೂ ನಡೆದಲ್ಲಿ ಖಾಸಗಿ ಕಟ್ಟೆಯೂ ಗೆದ್ದಿದೆ. ನಡೆಯದೆಡೆ ಸರ್ಕಾರದ ಕಟ್ಟೆಯೂ ಸೋತಿದೆ. ೨೦೨೫ರ ಸೆಪ್ಟೆಂಬರಿನಲ್ಲಿ ಹಡಗು ನಿರ್ಮಾಣಕ್ಕೂ ಕಡಲ ವ್ಯಾಪಾರಕ್ಕೂ ಕೇಂದ್ರ ಸಂಪುಟ ೬೯,೭೨೫ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಹಣದ ಮೊತ್ತ ದೊಡ್ಡದು. ಆದರೆ ವಾಡಿಯಾಗಳ ಮನೆತನ ವಿದ್ಯೆಯನ್ನು ಉಳಿಸಿಕೊಂಡುದು ಒಮ್ಮೆಗೆ ಬಂದ ದೊಡ್ಡ ಗಂಟಿನಿಂದಲ್ಲ, ವರ್ಷವರ್ಷವೂ ತಪ್ಪದೆ ಬಂದ ಕೆಲಸದಿಂದ ಎಂಬುದನ್ನು ಮರೆಯಬಾರದು.

* * *

ಹೊನ್ನೂರಿನ ಆ ಜಗಲಿಗೆ ಮರಳಿದರೆ, ತಾಯಿಗೆ ಏನು ಹೇಳಬೇಕು? ಸರ್ಕಾರದ ಕೆಲಸವೇ ಕ್ಷೇಮವೆಂದು ಹೇಳಿಬಿಡುವುದು ಸುಲಭ. ಆದರೆ ಅಪ್ರೆಂಟಿಸಿನ ತರಬೇತಿ ಮುಗಿದವರಿಗೆಲ್ಲ ಕಾರವಾರದಲ್ಲಿ ಕಾಯಂ ಕೆಲಸ ಕಾದಿರುವುದಿಲ್ಲ. ಖಾಸಗಿಯೇ ಮುಂದಿನ ಕಾಲವೆಂದು ಹೇಳುವುದೂ ಸುಲಭ. ಆದರೆ ಪೀಪಾವಾವಿನಲ್ಲಿ ಅರ್ಧ ಉಳಿದ ಹಡಗುಗಳನ್ನು ಬೆಸೆದವರೂ ಯಾರದೋ ಮನೆಯ ಮಕ್ಕಳೇ ಆಗಿದ್ದರು.

“ಎರಡು ಕಡೆಗೂ ಅರ್ಜಿ ಹಾಕ್ಲಿ ಬುಡವ್ವ” ಎನ್ನುತ್ತಾರೆ ತಾತ, ಕನ್ನಡಕವನ್ನು ಮತ್ತೆ ಏರಿಸಿಕೊಳ್ಳುತ್ತ. “ನೋಡ್ಲಾ ಮಗ, ಕಂಪನಿಗೆ ಹೋದ್ರೆ ಮೊದ್ಲು ಕೇಳ್ಕೊ. ಕೆಲ್ಸ ಕಂಪನಿಯೋರ ಕೆಳಗೋ, ಕಂಟ್ರಾಕ್ಟ್‌ದಾರನ ಕೆಳಗೋ? ಪಿ.ಎಫ್. ಕಟ್ತಾರಾ? ಈಗ ಕಟ್ತಿರೋ ಹಡಗು ಮುಗುದ್ ಮೇಲೆ ಇನ್ನೊಂದು ಹಡಗು ಅದಾ?”

“ಅಷ್ಟೆಲ್ಲ ಕೇಳಿದ್ರೆ ಕೆಲ್ಸ ಕೊಟ್ಟಾರಾ ತಾತ?”

“ಕೇಳ್ದೆ ಹೋದೋರ್ನ ಮೊದ್ಲು ಮನೆಗೆ ಕಳಿಸ್ತಾರೆ ಕಣ್ಲಾ. ಕೇಳು.”

ತಾಯಿ ಮಾತಾಡದೆ ಒಳಗೆ ಹೋಗಿ, ಪೆಟ್ಟಿಗೆಯಲ್ಲಿ ಬಟ್ಟೆಯ ಮಡಿಕೆಗಳ ನಡುವೆ ಜೋಪಾನವಾಗಿಟ್ಟಿದ್ದ ಮಗನ ಐ.ಟಿ.ಐ. ಸರ್ಟಿಫಿಕೇಟನ್ನು ತಂದು ಜಗಲಿಯ ಮೇಲಿಡುತ್ತಾಳೆ. ನಾಳೆ ಯಳಂದೂರಿಗೆ ಹೋಗಿ ಅದರ ಎರಡು ಪ್ರತಿ ಮಾಡಿಸಬೇಕು: ಒಂದು ಕಾರವಾರಕ್ಕೆ, ಒಂದು ಕಾಟ್ಟುಪಳ್ಳಿಗೆ.